ನಂಬದಿರುವುದೇ ನನ್ನ ತಮ್ಮನ ಕೆಲಸ

ನನ್ನ ತಮ್ಮನಿಗೆ ನನ್ನ ಮೇಲೆ ನಂಬಿಕೆಯಿಲ್ಲ. ಅಯ್ಯೋ ಪಾಪ ಎಂದು ಮರುಗಬೇಡಿ, ಅವನಿಗೆ ನಿಮ್ಮ ಮೇಲೂ ಇಲ್ಲ! ಬೀಗದ ಮೇಲಿಲ್ಲ, ಬೀಗ ಹಾಕಿದವನ ಮೇಲಿಲ್ಲ, ತನ್ನ ಮೇಲಂತೂ ಮೊದಲೇ ಇಲ್ಲ. ಬರೀ ಕೆಟ್ಟ ಗುಣವಾಗಿದ್ದರೆ ಬೈದು ಬಿಡಿಸಬಹುದಿತ್ತು. ಆದರೆ ಇದಕ್ಕೆ ಅವನಿಗೆ ತಿಂಗಳು ತಿಂಗಳು ಸಂಬಳ ಕೊಡುತ್ತಾರೆ ಕಣ್ರೀ!

ಅವನ ಕೆಲಸವೇನೆಂದು ಹೇಳಿಬಿಡುತ್ತೇನೆ. ಈಗಿನ ಸರ್ಕಾರಿ ಕಚೇರಿಗಳು ಕಡತಗಳನ್ನು ಬೀರುವಿನಲ್ಲಿ ತುಂಬುವುದಿಲ್ಲ. ಯಾವುದೋ ಕಂಪನಿಯ ಕಂಪ್ಯೂಟರುಗಳಲ್ಲಿ ಜಾಗ ಬಾಡಿಗೆಗೆ ಹಿಡಿದು ಇಡುತ್ತವೆ. ಅದಕ್ಕೆ ಕ್ಲೌಡ್ ಎನ್ನುತ್ತಾರೆ. ಕತ್ತೆತ್ತಿ ಆಕಾಶ ನೋಡಬೇಡಿ, ನನ್ನ ತಮ್ಮನ ಕ್ಲೌಡ್ ಇರುವುದು ಬಾಗಲೂರು ರಸ್ತೆಯಲ್ಲಿ, ಒಂದು ನೀಲಿ ಗೇಟಿನ ಹಿಂದೆ. ಅಲ್ಲಿ ಎಲ್ಲವೂ ಭದ್ರವಾಗಿದೆಯೇ ಎಂದು ವರ್ಷಕ್ಕೊಮ್ಮೆ ಹೊರಗಿನ ಪರೀಕ್ಷಕರು ಬಂದು ನೂರಾರು ಪ್ರಶ್ನೆ ಕೇಳುತ್ತಾರೆ. ಒಳಗೆ ಯಾರು ಹೋದರು? ಏನು ನೋಡಿದರು? ಬಾಯಿಮಾತು ನಡೆಯುವುದಿಲ್ಲ, ಪ್ರತಿಯೊಂದಕ್ಕೂ ಸಾಕ್ಷಿ ಬೇಕು. ಆ ಸಾಕ್ಷಿಗಳನ್ನೆಲ್ಲ ಸಿದ್ಧ ಮಾಡಿಡುವವನು ಇವನು. ಅದನ್ನು ಆಫೀಸಿನಲ್ಲೇ ಮುಗಿಸಿ ಬಂದಿದ್ದರೆ ನಾನೇಕೆ ಇದನ್ನೆಲ್ಲ ಬರೆಯುತ್ತಿದ್ದೆ? ಹೊಸೂರಿನ ಆಲಸನತ್ತಂನ ನಮ್ಮ ಮನೆಯ ಮಹಡಿಯಲ್ಲಿ ಅವನ ವಾಸ, ಊಟ ಕೆಳಗೆ ನಮ್ಮಲ್ಲಿ. ಪರೀಕ್ಷೆಯೂ ನಮ್ಮ ಮೇಲೇ!

ಒಂದು ಭಾನುವಾರ ನಾನೂ ನನ್ನ ಗಂಡನೂ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಇವನು ಬಾಗಿಲೆಳೆದು ಬೀಗ ಹಾಕಿದವನೇ ಕೀಯನ್ನು ಕಿಟಕಿಯಿಂದ ಒಳಕ್ಕೆಸೆದ!

"ಏನ್ಲಾ ಮಾಡ್ದೆ? ಒಲೆ ಮೇಲೆ ಬೇಳೆ ಐತೆ ಕಣ್ಲಾ!"

"ಇನ್ನೊಂದ್ ಕೀ ಐತೆ ಅಂತಿದ್ಯಲ್ಲಕ್ಕ? ತತ್ತಾ, ನೋಡಾನ."

ಆ ಕೀ ಪಕ್ಕದ ಮನೆಯ ತಮಿಳು ಅಜ್ಜಿಯ ಹತ್ತಿರವಿತ್ತು. ಓಡಿಹೋಗಿ ತಂದೆ. ಹಾಕಿದರೆ ತಿರುಗಲೇ ಇಲ್ಲ. ನಾವು ಯಾವತ್ತೋ ಕಿತ್ತು ಬಿಸಾಡಿದ ಹಳೇ ಬೀಗದ ಕೀಯನ್ನು ಆ ಪುಣ್ಯಾತ್ಗಿತ್ತಿ ಕುಂಕುಮದ ಡಬ್ಬಿಯಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು! ಒಳಗೆ ಬೇಳೆ ತಳ ಹಿಡಿದ ವಾಸನೆ. ನನ್ನ ಗಂಡನ ಮುಖ ಕೆಂಪಗಾಯಿತು. ಇವನೋ, ಲಾಟರಿ ಹೊಡೆದವನ ಹಾಗೆ ಕುಣಿಯುತ್ತಿದ್ದಾನೆ: "ಸಿಕ್ತು! ನೋಡಿದ್ರಾ ಭಾವ? ತೊಂದ್ರೆ ಬರಾಕ್ ಮುಂಚೇನೇ ಸಿಕ್ಬುಡ್ತು!" ತೊಂದರೆ ಆಗಲೇ ಬಂದಾಗಿದೆ ಎಂಬುದು ಬೀಗ ಒಡೆಯಲು ಬಂದ ತೆಲುಗಿನವನಿಗೂ ತಿಳಿಯಿತು, ಇವನಿಗೆ ತಿಳಿಯಲಿಲ್ಲ.

ಇಂಥವನನ್ನು ಹೆಣ್ಣು ನೋಡಲು ಕರೆದುಕೊಂಡು ಹೋದ ನನ್ನ ಧೈರ್ಯವನ್ನು ನೀವು ಮೆಚ್ಚಬೇಕು. ರಾಯಕೋಟೆಯ ಹತ್ತಿರ ಒಳ್ಳೆಯ ಮನೆತನ, ಲಕ್ಷಣವಾದ ಹುಡುಗಿ. ಅವಳಪ್ಪ ಮೀಸೆ ನೀವಿಕೊಂಡು, "ನಮ್ ಮನ್ಯಾಗೆ ಕುಡಿಯೋ ಅಭ್ಯಾಸ ಯಾರ್ಗೂ ಇಲ್ಲ" ಎಂದರು. ನಾವೆಲ್ಲ ಮೆಚ್ಚಿ ತಲೆಯಾಡಿಸಿದೆವು. ಇವನು ಕೇಸರಿಬಾತಿನ ಚಮಚ ಕೆಳಗಿಟ್ಟು ಬಹಳ ವಿನಯದಿಂದ ಕೇಳಿದ: "ಕೊನೇದಾಗಿ ಯಾವಾಗ ಚೆಕ್ ಮಾಡಿದ್ರಿ?" ಮೂಲೆಯಲ್ಲಿ ಕೂತಿದ್ದ ಹುಡುಗಿಯ ಸೋದರಮಾವ ಎದ್ದು, ಏಲಕ್ಕಿ ಅಗಿಯುತ್ತಾ ಹಿತ್ತಲಿಗೆ ಹೋದರು. ಸಂಬಂಧವೂ ಅವರ ಹಿಂದೆಯೇ ಹೋಯಿತು. ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತರೆ, "ತಪ್ಪೇನ್ ಕೇಳ್ದೆ ಅಕ್ಕ?" ಅಂತಾನೆ!

ಈ ವರ್ಷದ ಪರೀಕ್ಷೆ ಮಾತ್ರ ಹುಡುಗಾಟದ್ದಾಗಿರಲಿಲ್ಲ. ಈ ಕಡೆಯ ಸರ್ಕಾರಿ ಆಸ್ಪತ್ರೆಗಳ ರೋಗಿಗಳ ದಾಖಲೆಗಳು ಇವರ ಕಂಪನಿಯಲ್ಲಿದ್ದವು. ಪಾಸಾದರೆ ಗುತ್ತಿಗೆ ಮುಂದುವರಿಯುತ್ತದೆ, ಇಲ್ಲದಿದ್ದರೆ ನೀಲಿ ಗೇಟನ್ನೇ ಮುಚ್ಚಬೇಕಾದೀತು. ಚೆನ್ನೈಯಿಂದ ಪರೀಕ್ಷಕಿಯೊಬ್ಬರು ಬಂದರು. ಮೂರು ದಿನದ ಕೆಲಸ. ಇವನು ಗಂಟೆಗೊಂದು ಸಲ ಫೋನು ಮಾಡುತ್ತಿದ್ದ: "ಅಕ್ಕಾ, ಪಾಸ್‌ವರ್ಡ್ ಪ್ರಶ್ನೆ ಎಲ್ಲಾ ಪಾಸು!" ಅಕ್ಕಾ, ಅದೂ ಪಾಸು, ಇದೂ ಪಾಸು! ಇಲ್ಲಿ ನಾನು ಒಂದೊಂದು ಫೋನಿಗೂ ದೇವರಿಗೆ ಕೈಮುಗಿಯುತ್ತಿದ್ದೆ.

ಎರಡನೇ ದಿನ ಆಕೆ ಬೇಕೆಂದೇ ಎರಡೂ ಕೈಯಲ್ಲಿ ಟೀ ಲೋಟ ಹಿಡಿದು, ಪಾಪದ ಮುಖ ಮಾಡಿಕೊಂಡು ಕಾವಲುಗಾರನ ಮುಂದೆ ನಿಂತರಂತೆ. "ಕೊಂಜಂ ಕದವು ತೊರಂಗ ಅಣ್ಣಾ." ಅಣ್ಣ ಕದ ತೆರೆಯಲಿಲ್ಲ, "ಕಾರ್ಡ್ ತೋರ್ಸಿ ಮೇಡಂ" ಎಂದ. ನನ್ನ ತಮ್ಮ ತಯಾರು ಮಾಡಿದ ಆಸಾಮಿ, ಸುಮ್ಮನೆಯೇ? ಅಷ್ಟರಲ್ಲಿ ಕಂಪನಿಯ ಮಾಲೀಕರು ಬಂದರು. ಕಾರ್ಡನ್ನು ಮನೆಯಲ್ಲೇ ಮರೆತಿದ್ದರು. ಅವರನ್ನೂ ಬಿಡಲಿಲ್ಲ! ಮನೆಯಿಂದ ಕಾರ್ಡು ಬರುವವರೆಗೆ ಮಾಲೀಕರು ತಮ್ಮದೇ ಗೇಟಿನ ಮುಂದೆ ಬಿಸಿಲಲ್ಲಿ, ಪರೀಕ್ಷಕಿ ಕೊಟ್ಟ ಟೀ ಕುಡಿಯುತ್ತಾ ನಿಂತಿದ್ದರು. ಸಂಜೆ ಇವನು ಅದನ್ನು ಅಭಿನಯಿಸಿ ತೋರಿಸಿದಾಗ ನನ್ನ ಗಂಡನೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂರನೇ ದಿನ ಮಧ್ಯಾಹ್ನ ಆಕೆ ಲ್ಯಾಪ್‌ಟಾಪ್ ಮುಚ್ಚಿ, "ಎಲ್ಲಾಮೇ ನಲ್ಲಾ ಇರುಕ್ಕು" ಎಂದರು. ಎಲ್ಲವೂ ಚೆನ್ನಾಗಿದೆ! ಮಾಲೀಕರು ಮೈಸೂರುಪಾಕಿನ ಡಬ್ಬಿ ತೆರೆದರು. ಆಗ ನಮ್ಮ ಮಹಾಶಯ ಬಾಯಿ ತೆರೆದ: "ಮೇಡಂ, ಒಂದ್ ನಿಮಿಷ."

ಯಾರು ಯಾವ ದಾಖಲೆ ತೆರೆದು ನೋಡಿದರು ಎಂಬುದನ್ನು ಕಂಪ್ಯೂಟರು ತಾನೇ ಬರೆದಿಟ್ಟುಕೊಳ್ಳಬೇಕು. ಹೋದ ತಿಂಗಳು ಒಂದು ಕಂಪ್ಯೂಟರು ಎರಡು ದಿನ ಏನನ್ನೂ ಬರೆದಿರಲಿಲ್ಲ. ರಿಪೇರಿಗೆಂದು ಹಾಗೆ ಬರೆದಿಡುವುದನ್ನು ನಿಲ್ಲಿಸಿದ ಇವನೇ ಮತ್ತೆ ಚಾಲೂ ಮಾಡಲು ಮರೆತಿದ್ದ. ಅದು ಇವನಿಗೆ ಗೊತ್ತಾದದ್ದೂ ಆವತ್ತು ಬೆಳಗ್ಗೆಯೇ. ಆಕೆಯ ಕಣ್ಣಿಗೆ ಬಿದ್ದಿರಲಿಲ್ಲ. ಯಾರೂ ಕೇಳಿರಲಿಲ್ಲ! ಇವನು ತಾನಾಗಿ ಎಲ್ಲವನ್ನೂ ಹೇಳಿಬಿಟ್ಟ. ಆಕೆ ಮತ್ತೆ ಲ್ಯಾಪ್‌ಟಾಪ್ ತೆರೆದು, ಸರಿಪಡಿಸಿ ತೋರಿಸುವವರೆಗೆ ಸರ್ಟಿಫಿಕೇಟ್ ಇಲ್ಲ ಎಂದು ಬರೆದುಕೊಂಡರು. ಮಾಲೀಕರು ಡಬ್ಬಿ ಮುಚ್ಚಿದರು. "ನಾನ್ ಹೇಳೋವರ್ಗೂ ಈ ಕಡೆ ಬರ್ಬೇಡ" ಎಂದು ಇವನನ್ನು ಮನೆಗೆ ಕಳಿಸಿದರು.

ನನ್ನ ಗಂಡ ಫ್ಯಾಕ್ಟರಿಗೆ ಹೋಗಿದ್ದರು. ನಾನೊಬ್ಬಳೇ ಸಾಕಾಗಿತ್ತು, ಚೆನ್ನಾಗಿಯೇ ಝಾಡಿಸಿದೆ.

"ನಿನ್ ಕಾಲ್ ಮೇಲೆ ನೀನೇ ಕಲ್ಲಾಕ್ಕೊಂಡ್ಯಲ್ಲಾ! ಸುಮ್ನಿದ್ದಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

"ಆ ಎರ್ಡ್ ದಿನ ಯಾರ್ ಯಾರ್ದು ತೆಗ್ದ್ ನೋಡವ್ರೋ ಗೊತ್ತಾಗಲ್ಲ ಅಕ್ಕ. ಮನೇರ್ಗೂ ಹೇಳ್ದೆ ಡಾಕ್ಟ್ರತ್ರ ಮಾತ್ರ ಹೇಳ್ಕೊಂಡಿರ್ತಾರೆ ಜನ." ನೆಲ ನೋಡುತ್ತಾ ಅಂದ: "ನೀನೂ ಹೇಳ್ಕೊಂಡಿದೀಯಲ್ಲ."

ಹೌದು, ಹೇಳಿಕೊಂಡಿದ್ದೆ. ಎಡಗಡೆ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಹೊಸೂರಿನಲ್ಲಾದರೆ ಪರಿಚಯದವರು ನೋಡುತ್ತಾರೆಂದು ಕೃಷ್ಣಗಿರಿಯ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ, ಗೆಳತಿಯನ್ನು ನೋಡಿ ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ. ಗಂಡನಿಗೂ ಹೇಳಿರಲಿಲ್ಲ.

"ನಿಂಗ್ ಹೆಂಗ್ ಗೊತ್ತಾಯ್ತು?"

"ನಿನ್ ಚೀಲದಾಗೆ ಆಸ್ಪತ್ರೆ ಚೀಟಿ ಕಾಣಿಸ್ತು. ಮೂರ್ ವಾರ ಆಯ್ತು."

"ಮತ್ತೆ... ನಂದು ತೆಗ್ದ್ ನೋಡ್ದ್ಯಾ?"

"ಒಂದ್ ನಿಮಿಷದ್ ಕೆಲ್ಸ ಅಕ್ಕ. ನೋಡ್ಲಿಲ್ಲ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ."

ಮೂರು ವಾರ! ದಿನಾ ನನ್ನ ಎದುರಿಗೆ ಕೂತು ಮುದ್ದೆ ಮುರಿದುಕೊಂಡು ಉಂಡಿದ್ದಾನೆ, ಒಂದು ಮಾತೂ ಕೇಳದೆ. ಎಷ್ಟು ಹೆದರಿದ್ದನೋ ಏನೋ ನನ್ನ ತಮ್ಮ! ಅವನ ಕೈ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಗಂಟಿನ ವಿಷಯ, ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದ್ದು, ಶುಕ್ರವಾರ ಫಲಿತಾಂಶ ಬರುವುದು, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವನು ಕೊನೆಯವರೆಗೂ ಕೇಳಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಶುಕ್ರವಾರ ನಾನೂ ಬತ್ತೀನಿ," ಎಂದ. "ರಜ ಕೇಳೋ ತಾಪತ್ರಯಾನೂ ಇಲ್ಲ ಬಿಡು."