ಹುತ್ತಕ್ಕೆ ಹೋದ ಆವು

ನಾನು ಮೊದಲ ಸಲ ಊರು ಬಿಟ್ಟು ನಡೆದದ್ದು ಒಂದು ಕಾರಹುಣ್ಣಿಮೆಯ ಮರುದಿನ. ಆಮೇಲೆ ಎಷ್ಟು ಸಲ ಬಿಟ್ಟೆನೋ, ಯಾವ ಯಾವ ಊರು ಬಿಟ್ಟೆನೋ, ನೆನಪಿಟ್ಟುಕೊಳ್ಳುವ ಚಟ ನನಗಿಲ್ಲ. ಒಂದೇ ಕಡೆ ಕೂತರೆ ನನ್ನ ಅಂಗಾಲು ಕಡಿಯುತ್ತದೆ. ಮಕ್ಕಳಿಗೆ ಚಿತ್ರದ ಪುಸ್ತಕ ಮಾಡುವುದೋ, ಕೂತು ಮಾಡುವ ಕೆಲಸ. ಕೂರಲಾರದವನು ಕೂರುವ ಕೆಲಸಕ್ಕೆ ಕೈ ಹಾಕಿದರೆ ಏನೇನು ಆಗಬೇಕೋ ಅದೆಲ್ಲ ನನಗೆ ಆಗಿದೆ, ಈಗಲೂ ಆಗುತ್ತಲೇ ಇರುತ್ತದೆ. ನೆನಪಿಗೆ ಬಂದ ಕೆಲವನ್ನು ಇಲ್ಲಿ ಬರೆಯುತ್ತೇನೆ, ಮುಗಿಯುವತನಕ ಕೂತಿದ್ದರೆ.

ಕಾಲಿದ್ದ ಪುಸ್ತಕ

ನಮ್ಮೂರು ಕುರುಗೋಡು. ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುತ್ತಾರೆ. ಆ ವರ್ಷ ನಮ್ಮ ಎತ್ತಿನ ಕೊಂಬು ಮುಗಿದರೂ ಬಣ್ಣ ಉಳಿಯಿತು. ನಮ್ಮ ಶಾಲೆಯ ಹೆಡ್ಮಾಸ್ತರರಿಗೆ ಒಂದು ಬಿಳಿ ಎತ್ತಿತ್ತು. ಆಳು ಅದನ್ನು ತೊಳೆದು ಶಾಲೆಯ ಬೇವಿನ ಗಿಡಕ್ಕೆ ಕಟ್ಟಿ ಹೋಗಿದ್ದ. ಬಿಳಿ ಗೋಡೆ ಕಂಡರೇ ಕೈ ತಡೆಯದ ನಾನು ಅಷ್ಟು ದೊಡ್ಡ ಬಿಳಿ ಎತ್ತು ಕಂಡರೆ ಬಿಡುತ್ತೇನೆಯೇ? ಅದರ ಮೈಮೇಲೆ ಮಾಸ್ತರರ ಕರಿ ಕೋಟು ಬರೆದೆ, ಗುಂಡಿ ಬರೆದೆ, ಜೇಬಿನಲ್ಲಿ ಪೆನ್ನು ಬರೆದೆ. ಕಣ್ಣ ಸುತ್ತ ಚಾಳೀಸು ಬರೆದು ಮುಗಿಸುವಷ್ಟರಲ್ಲಿ ಅದು ತಲೆ ಕೊಡವಿ ಹಗ್ಗ ಕಿತ್ತುಕೊಂಡು ಹೋಗಿ ಎತ್ತುಗಳ ಮೆರವಣಿಗೆ ಸೇರಿಬಿಟ್ಟಿತು.

"ಹೆಡ್ಮಾಸ್ತರ್ರು ಬಂದ್ರು, ದಾರಿ ಬಿಡ್ರಲೇ!" ಎಂದು ಯಾರೋ ಕೂಗಿದರು. ಕಣ್ಣು ಮಂಜಾದ ಒಬ್ಬ ಮುದುಕರು ನಿಜವೆಂದೇ ನಂಬಿ, ಕೈ ಮುಗಿದು, "ಶರಣ್ರೀ ಮಾಸ್ತರ್ರ, ನಮ್ಮ ಮೊಮ್ಮಗ ಪಾಸ್ ಆಗ್ತಾನೇನ್ರಿ?" ಎಂದು ಕೇಳಿದರಂತೆ. ಎತ್ತು ತಲೆ ಆಡಿಸಿತಂತೆ.

ಮರುದಿನ ಶಾಲೆಯ ಗಂಟೆ ಬಾರಿಸುವ ಮೊದಲೇ ನಾನು ಬಳ್ಳಾರಿಯ ದಾರಿ ಹಿಡಿದಿದ್ದೆ. ನನ್ನ ಓದು ಅಲ್ಲಿಗೆ ಮುಗಿಯಿತು. ಆದರೆ ನನ್ನ ಮೊದಲ ಚಿತ್ರಪುಸ್ತಕ ಅಂದರೆ ಆ ಎತ್ತೇ. ನಾಲ್ಕು ಕಾಲಿತ್ತು, ಊರೆಲ್ಲ ತಾನೇ ತಿರುಗಿತು. ಆಮೇಲಿನ ನನ್ನ ಯಾವ ಪುಸ್ತಕವೂ ಒಂದೇ ದಿನದಲ್ಲಿ ಅಷ್ಟು ಮಂದಿಯನ್ನು ಮುಟ್ಟಿಲ್ಲ.

ಬ್ಲಾಕು ಇದ್ದಷ್ಟು ಕತೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮಕ್ಕನ ಮನೆ. ನಾನು ಎಲ್ಲಿಂದ ಓಡಿ ಬಂದರೂ ಅಕ್ಕ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಎಷ್ಟ್ ದಿನಕ್ಕ ಬಂದೀಯೋ ಯಪ್ಪಾ?"

ಕೆಲವು ವರ್ಷ ಅಂಗಡಿ ಬೋರ್ಡು ಬರೆದೆ. ಲಾರಿಗಳ ಹಿಂದೆ ಹುಲಿ ಬರೆದೆ. ಲಾರಿ ಹೊರಟರೆ ನನ್ನ ಹುಲಿಯ ಜೊತೆ ನಾನೂ ಹತ್ತಿ ಗುಂತಕಲ್ಲಿಗೋ ಕರ್ನೂಲಿಗೋ ಹೋಗಿಬಿಡುತ್ತಿದ್ದೆ. ಕಡೆಗೆ ಅಕ್ಕ, "ಒಂದರೆ ಕೆಲಸ ಕೂತು ಮುಗಸಿ ತೋರ್ಸು. ನನ್ನ ಮಕ್ಳ ಕೈಯಾಗ ಕೊಡು. ಇದು ನಮ್ಮ ಮಾಮ ಮಾಡಿದ್ದು ಅಂತ ಅವು ನಾಕ್ ಮಂದೀಗೆ ತೋರ್ಸಲಿ" ಎಂದು ಬ್ರೂಸ್‌ಪೇಟೆಯ ಒಂದು ಪ್ರೆಸ್ಸಿಗೆ ನನ್ನನ್ನು ತಂದು ಸೇರಿಸಿದಳು. ಆವತ್ತಿನಿಂದ ನನಗೆ ಒಂದೇ ಹಟ ಹಿಡಿಯಿತು: ಮಾತೂ ನನ್ನದೇ, ಚಿತ್ರವೂ ನನ್ನದೇ ಆಗಿರುವ ಒಂದು ಪುಸ್ತಕ.

ಪ್ರೆಸ್ಸಿನ ಸಾಹುಕಾರರು ಲಗ್ನಪತ್ರಿಕೆ, ಡಬ್ಬಿಗಳ ಲೇಬಲ್ಲು ಅಚ್ಚು ಹಾಕುವವರು. ಲಗ್ನಗಳು ಮುಗಿದ ಮೇಲೆ ಮಷೀನು ಸುಮ್ಮನೆ ನಿಲ್ಲಬಾರದೆಂದು ಮಕ್ಕಳ ಕತೆ ಪುಸ್ತಕ ತೆಗೆಯುತ್ತಿದ್ದರು. ಆಗ ಚಿತ್ರ ಅಚ್ಚಾಗಬೇಕಾದರೆ ತಗಡಿನ ಬ್ಲಾಕು ಬೇಕಿತ್ತು. ಅದನ್ನು ಹುಬ್ಬಳ್ಳಿಗೆ ಕಳಿಸಿ ಮಾಡಿಸಬೇಕು. "ಅದೆಲ್ಲ ರಗಳಿ ಬ್ಯಾಡ. ಇರೋ ಬ್ಲಾಕಿಗೆ ಕತಿ ಬರಿ" ಎಂದು ಸಾಹುಕಾರರು ಕಪಾಟು ತೆಗೆದರು. ಒಳಗೆ ಲಗ್ನಪತ್ರಿಕೆಯ ಗಣಪತಿ, ಲೇಹ್ಯದ ಡಬ್ಬಿಯ ಪೈಲ್ವಾನ, ತುಪ್ಪದ ಡಬ್ಬಿಯ ಆಕಳು, ನೋವಿನ ಎಣ್ಣೆಯ ಮುದುಕಿ. ಮುದುಕಿ ಸೊಂಟ ಹಿಡಿದುಕೊಂಡು ಬಾಗಿ ನಿಂತಿದ್ದಳು.

"ಸಾವ್ಕಾರ್ರ, ನಾ ಬರದಿದ್ದು ಆನಿ ಕತಿ. ಇದರಾಗ ಆನಿ ಎಲ್ಲೈತ್ರಿ?"

"ಇದೇನು ಮತ್ತ?" ಎಂದು ಗಣಪತಿ ತೋರಿಸಿದರು. "ಸೊಂಡಿಲ ಐತಿ, ಕಿವಿ ಐತಿ. ಇನ್ನೇನು ಬೇಕು?"

ಹಾಗೆ 'ಆನೆ ಕಬ್ಬು ಕದ್ದಿತು' ಎಂಬ ಮಾತಿನ ಮೇಲೆ ಸಾಕ್ಷಾತ್ ಗಣಪತಿ, 'ತೋಟದವನು ಅಟ್ಟಿಸಿಕೊಂಡು ಬಂದನು' ಎಂಬಲ್ಲಿ ಲೇಹ್ಯದ ಪೈಲ್ವಾನ ಅಚ್ಚಾದರು. ಪುಸ್ತಕ ಮಕ್ಕಳ ಕೈಗೆ ಸೇರಲೇ ಇಲ್ಲ. ಕೊಂಡವರು ಅದಕ್ಕೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟರು. ಒಂದು ದಿನ ಒಬ್ಬ ತಾಯಿ ಗಾಬರಿಯಿಂದ ಪ್ರೆಸ್ಸಿಗೇ ಬಂದಳು. "ನಮ್ಮ ಹುಡುಗ ಪುಸ್ತಕದ ಮ್ಯಾಲೆ ಕಾಲಿಟ್ಟುಬಿಟ್ಟಾನ್ರಿ. ಏನು ಮಾಡ್ಲಿ?"

ಸಾಹುಕಾರರು ಕಣ್ಣು ಮುಚ್ಚಿ, ಸ್ವಲ್ಪ ಯೋಚಿಸಿ, "ಇನ್ನೊಂದು ಪುಸ್ತಕ ಒಯ್ಯಿರಿ ತಾಯಿ, ದೋಷ ಪರಿಹಾರ ಆಗತೈತಿ" ಎಂದರು.

ಕೊಕ್ಕರೆ ಕಂದಾಯ

ಗಣಪತಿಯ ಕೃಪೆಯಿಂದ ಸಾಹುಕಾರರ ಮನಸ್ಸು ಮೆತ್ತಗಾಯಿತು. "ನಿನ್ನ ಚಿತ್ರ ತಗೊಂಡು ಬಾ, ಹುಬ್ಬಳ್ಳಿಗೆ ಕಳಸೋಣು" ಎಂದರು. ನನ್ನದು ಒಂದು ಹಾವಿನ ಕತೆ. ಅದರಲ್ಲಿ ಒಂದು ಭತ್ತದ ಗದ್ದೆ, ಅದರ ತುಂಬ ನಿಂತ ಬೆಳ್ಳಕ್ಕಿ ಕೊಕ್ಕರೆಗಳು ಬರಬೇಕಿತ್ತು. ಕೂತು ಬರೆಯುವುದಕ್ಕಿಂತ ಹೋಗಿ ನೋಡುವುದು ನನಗೆ ಲೇಸು. ಸಿರುಗುಪ್ಪದ ಬಸ್ಸು ಹತ್ತಿ ದೇಶನೂರಿಗೆ ಹೋದೆ.

ಚಿತ್ರ ಬರೆಯುವವರು ಅಳತೆಗೆ ಪೆನ್ಸಿಲ್ಲನ್ನು ಕೈ ಚಾಚಿ ಹಿಡಿದು ಒಂದು ಕಣ್ಣು ಮುಚ್ಚುತ್ತಾರಲ್ಲ, ಗದ್ದೆಯ ಬದುವಿನ ಮೇಲೆ ನಿಂತು ನಾನೂ ಹಾಗೆ ಮಾಡಿದೆ. ನೀರು ಕಟ್ಟುತ್ತಿದ್ದ ರೈತ ಸನಿಕೆ ಬಿಟ್ಟು ಓಡಿ ಬಂದ.

"ಸಾಹೇಬ್ರ, ಏನು ಅಳೀತೀರಿ?"

"ಅಳಿಯಾಕ ಬಂದಿಲ್ಲಪಾ. ಕೊಕ್ಕರಿ ಬರಕೊಳ್ಳಾಕ ಬಂದೀನಿ."

ನಮ್ಮ ಭಾಷೆಯಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಕಂದಾಯವನ್ನೂ ಬರೆಯುತ್ತೇವೆ. ಅವನು ಕಂದಾಯವೆಂದೇ ತಿಳಿದ. "ಕೊಕ್ಕರೀನೂ ಬರಕೋತಾರಂತ!" ಎಂದು ಹೆಂಡತಿಗೆ ಕೂಗಿ ಹೇಳಿದ. ಆ ತಾಯಿ ಸೆರಗು ಸಿಕ್ಕಿಸಿಕೊಂಡು ಗದ್ದೆಗಿಳಿದು ಕೈ ತಟ್ಟಿ ಕೊಕ್ಕರೆಗಳನ್ನೆಲ್ಲ ಎಬ್ಬಿಸಿದಳು. "ನಮ್ಮವಲ್ರಿ ಇವು! ಆ ಕಡೆ ಗದ್ದಿಯವ್ರವು!"

ಕೊಕ್ಕರೆಗಳು ಆ ಕಡೆ ಗದ್ದೆಯಲ್ಲಿ ಇಳಿದವು. ಆ ಗದ್ದೆಯವನು ಸುಮ್ಮನಿರುತ್ತಾನೆಯೇ? "ಯಾರ ಪಕ್ಷಿ ಯಾರ ಹೆಸರಿಗೆ ಹಚ್ಚತೀಯವ್ವಾ!" ಎಂದು ಟವಲ್ಲು ಬೀಸಿ ವಾಪಸ್ಸು ಓಡಿಸಿದ. ಮಧ್ಯಾಹ್ನದವರೆಗೆ ಪಾಪ ಆ ಹಕ್ಕಿಗಳಿಗೆ ನೆಲದ ಮೇಲೆ ಕಾಲೂರಲು ಯಾರೂ ಬಿಡಲಿಲ್ಲ.

ನನ್ನ ಪುಸ್ತಕದಲ್ಲಿ ಕೊಕ್ಕರೆಗಳೆಲ್ಲ ಹಾರುತ್ತಲೇ ಇವೆ, ಒಂದೂ ನಿಂತಿಲ್ಲ, ಇದರಲ್ಲಿ ಏನೋ ಗೂಢಾರ್ಥ ಇದೆ ಎಂದು ಮುಂದೆ ಒಬ್ಬ ಮಾಸ್ತರರು ಮೆಚ್ಚಿಕೊಂಡರು. ನಾನು ಹೌದೆಂದೆ.

ಸಾಹುಕಾರರ ಚಪ್ಪಲಿ

ಹುಬ್ಬಳ್ಳಿಯಿಂದ ಬ್ಲಾಕುಗಳು ಬಂದವು. ಹೆಡೆ ಎತ್ತಿದ ನನ್ನ ಹಾವು, ಬಡಿಗೆ ಹಿಡಿದ ನನ್ನ ಅವ್ವ, ನನ್ನ ಹುತ್ತ, ಹಾರುತ್ತಿರುವ ನನ್ನ ಕೊಕ್ಕರೆಗಳು. ಸಾಹುಕಾರರು ಹೇಳಿದರು: "ಪ್ರೂಫ್ ನೋಡಿ, ಅಚ್ಚಾಗೋತನಕ ನೀ ಇಲ್ಲಿಂದ ಏಳಂಗಿಲ್ಲ." ನನ್ನನ್ನು ಬಲ್ಲವರು, ಬರೀ ಮಾತಿಗೆ ಬಿಡಲಿಲ್ಲ. ನನ್ನ ಚಪ್ಪಲಿ ತೆಗೆದು ಅಕ್ಷರದ ಮೊಳೆಗಳ ಕಪಾಟಿನಲ್ಲಿಟ್ಟು ಬೀಗ ಹಾಕಿ ಒಳಗೆ ಲೆಕ್ಕ ನೋಡಲು ಹೋದರು.

ನಾನು ಕೂತೆ. ಎದ್ದೆ. ಮತ್ತೆ ಕೂತೆ. ಮಷೀನಿನ ಸದ್ದು ಕೇಳಿದರೆ ನನಗೆ ಬಸ್ಸಿನ ಸದ್ದು ಕೇಳಿದ ಹಾಗಾಗುತ್ತಿತ್ತು. ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯ ಬಂಡೆಗಳು ಹಾವಿನ ಬೆನ್ನಿನ ಹಾಗೆ ಕಾಣುತ್ತವೆ ಎಂದು ಯಾರೋ ಅಂದದ್ದು ನೆನಪಾಯಿತು. ಬಾಗಿಲ ಬಳಿ ಸಾಹುಕಾರರ ಚಪ್ಪಲಿ ಇದ್ದವು. ನನ್ನ ಕಾಲಿಗಿಂತ ದೊಡ್ಡವು, ಆದರೂ ನಡೆದವು.

ನಾನು ತಿರುಗಿ ಬಂದಾಗ ಸಾಹುಕಾರರು ಬರಿಗಾಲಲ್ಲಿ ಬಾಗಿಲಲ್ಲೇ ನಿಂತಿದ್ದರು. ಕಪಾಟು ತೆಗೆದು ನನ್ನ ಚಪ್ಪಲಿ ಮೆಟ್ಟಿ ನೋಡಿದರಂತೆ, ಹೆಬ್ಬೆರಳೂ ಹಿಡಿಸಲಿಲ್ಲವಂತೆ. ಪ್ರೆಸ್ಸಿನಲ್ಲಿ ಒಬ್ಬರು ಕೂರಲೇಬೇಕಿತ್ತು, ಕೂತದ್ದು ಅವರು.

ಆವು

ಅಷ್ಟರಲ್ಲಿ ಪುಸ್ತಕ ಅಚ್ಚಾಗಿ ಹೋಗಿತ್ತು.

ಇಲ್ಲಿ ನಮ್ಮ ಮನೆತನದ ಒಂದು ವಿಷಯ ಹೇಳಬೇಕು. ನಮ್ಮವರ ನಾಲಿಗೆಯ ಮೇಲೆ 'ಹ' ನಿಲ್ಲುವುದಿಲ್ಲ. ಹಾಲು ಆಲು, ಹುತ್ತ ಉತ್ತ, ಹಾವು ಆವು. ಶಾಲೆ ಬಿಟ್ಟವನು, ನಾಲಿಗೆ ಅಂದದ್ದನ್ನೇ ಕೈ ಬರೆಯಿತು. ಮೊಳೆ ಜೋಡಿಸುವ ಕಂಪೋಜಿಟರ್ ತೆಲುಗು ಮನೆಯವನು, ಬಹಳ ಶ್ರದ್ಧೆಯ ಮನುಷ್ಯ. ಉತ್ತಕ್ಕೆ 'ಹ' ಹಾಕಿದ್ದ, ಆಲಿಗೆ 'ಹ' ಹಾಕಿದ್ದ. ಆವನ್ನು ಮಾತ್ರ ಮುಟ್ಟಿರಲಿಲ್ಲ. ಯಾಕೆಂದರೆ ತೆಲುಗಿನಲ್ಲಿ ಆವು ಅಂದರೆ ಆಕಳು, ಅವನ ಪ್ರಕಾರ ಅದು ಸರಿಯಾಗೇ ಇತ್ತು. ತಪ್ಪಾದದ್ದು ಚಿತ್ರ! ಹುಬ್ಬಳ್ಳಿಯವರು ಯಾರದೋ ಹಾವಿನ ಬ್ಲಾಕು ಕಳಿಸಿದ್ದಾರೆಂದು ಅದನ್ನು ತೆಗೆದಿಟ್ಟು, ತುಪ್ಪದ ಡಬ್ಬಿಯ ಆಕಳನ್ನು ಕೂರಿಸಿದ್ದ. ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ನನ್ನ ಹರೆಯದ ಅವ್ವನನ್ನೂ ತೆಗೆದು ನೋವಿನ ಎಣ್ಣೆಯ ಮುದುಕಿಯನ್ನು ನಿಲ್ಲಿಸಿದ್ದ.

ಪುಸ್ತಕ ಬಿಚ್ಚಿದರೆ ಹೀಗಿತ್ತು: 'ಆವು ಬಂತು.' ಕೊರಳಲ್ಲಿ ಗಂಟೆ ಕಟ್ಟಿದ ಆಕಳು. 'ಅವ್ವ ಬಡಿಗೆ ತಂದಳು.' ಸೊಂಟ ಹಿಡಿದ ಮುದುಕಿ, ಬಡಿಗೆ ಇಲ್ಲ. 'ಆವು ಸರಸರ ಹರಿದು ಹುತ್ತದೊಳಗೆ ಹೋಯಿತು.' ನನ್ನ ಹುತ್ತ, ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಆಕಳು. 'ಅವ್ವ ಆವಿಗೆ ಹಾಲು ತಂದಿಟ್ಟಳು.'

"ಅಲ್ಲಪಾ, ಆಕಳಿಗೆ ಯಾರರೆ ಆಲು ಇಡತಾರೇನು?" ಎಂದು ಕಂಪೋಜಿಟರನ ಮೇಲೆ ಹೋದೆ. "ಆಕಳು ಉತ್ತದಾಗ ಎಂಗ ತೂರತೈತಿ ಅಂತ ನಿನಗ ಒಂದ್ ಕ್ಷಣನೂ ಅನಸಲಿಲ್ಲೇನು?"

"ಏಮಯ್ಯಾ, ಮಕ್ಕಳ ಕತಿ ಅಲ್ಲೇನು?" ಎಂದ ಅವನು ಶಾಂತವಾಗಿ. "ಹೋದ ಸಲ ನೀನು ಗಣಪತಿ ಕಡಿಂದ ಕಬ್ಬು ಕಳವು ಮಾಡಿಸಿದಿ. ನಾ ಏನರೆ ಅಂದೆನಾ?"

ಸಾಹುಕಾರರು ಬಂಡಲು ತಂದು ನನ್ನ ತಲೆಯ ಮೇಲೇ ಇಟ್ಟರು. "ಸಿರುಗುಪ್ಪ ಕಡೆ ಸಾಲಿಗೆ ಒಯ್ಯಿ. ಇದು ಹೊಳ್ಳಿ ಬಂದರ ನಿನ್ನ ಚಿತ್ರದ ಹುಚ್ಚು ಇಲ್ಲಿಗೆ ಮುಗೀತು. ಮತ್ತ ಲಗ್ನಪತ್ರಿಕಿಗೆ ಗಣಪತಿ ಒತ್ತಕೋತ ಕೂಡು." ಕೂಡು ಅಂದರಲ್ಲ, ಬಂಡಲು ಹೊತ್ತವನೇ ಸಿರುಗುಪ್ಪದ ಬಸ್ಸಿಗೆ ಓಡಿದೆ.

ಸಿರುಗುಪ್ಪದ ಆ ಶಾಲೆಯಲ್ಲಿ ಅರ್ಧ ಮಕ್ಕಳ ಮನೆಮಾತು ಕನ್ನಡ, ಅವರ ನಾಲಿಗೆಯೂ ನಮ್ಮ ಮನೆಯವರ ಹಾಗೆ 'ಹ' ಅರಿಯದ್ದು; ಇನ್ನರ್ಧದ್ದು ತೆಲುಗು. ಮಾಸ್ತರರು ಪುಸ್ತಕ ಹಂಚಿ ಒಬ್ಬನಿಂದ ಗಟ್ಟಿಯಾಗಿ ಓದಿಸಿದರು. 'ಆವು ಬಂತು' ಎನ್ನುತ್ತಲೇ ಎಡಗಡೆಯ ಸಾಲು ಎದ್ದಿತು. "ಚಿತ್ರ ತಪ್ಪೈತ್ರಿ! ಆವು ಅಂದ್ರ ಆವು!" ಎಂದು ಅಂಗೈ ಹೆಡೆ ಮಾಡಿ ತೋರಿಸಿದರು.

ಬಲಗಡೆಯ ಸಾಲು ಎದ್ದಿತು. "ಚಿತ್ರ ಸರಿ ಐತ್ರಿ! ಆವು ಅಂದ್ರ ಆವು!" ಎಂದು ಹಣೆಗೆ ಎರಡು ಬೆರಳು ಕೊಂಬು ಇಟ್ಟರು.

"ಆವು ಅಂದ್ರ ಆವು!"

"ಅಲ್ಲ! ಆವು ಅಂದ್ರ ಆವು!"

ಮಾಸ್ತರರು ಬೆವೆತುಹೋದರು. "ಇಬ್ರೂ ಒಂದಽ ಮಾತು ಅಂತೀರಿ, ಮತ್ತ ಜಗಳ ಯಾತರದ್ರಲೇ?"

ನಾನು ಉಳಿದ ಬಂಡಲು ಎತ್ತಿಕೊಂಡು ಬಾಗಿಲಿನತ್ತ ಸರಿಯುತ್ತಿದ್ದೆ. ಆಗ ಮುಂದೆ ಕೂತಿದ್ದ ಒಂದು ಪುಟ್ಟ ಹುಡುಗಿ ಕೊನೆಯ ಪುಟವನ್ನು ತಿರುವಿ, ಅದರ ಹಿಂದೆಯೂ ನೋಡಿ, ಕೇಳಿದಳು: "ಉತ್ತದಾಗಿನ ಆವು ಒರಗ ಎಲ್ಲಿ ಬರತೈತ್ರಿ?"

ಎರಡೂ ಸಾಲು ನನ್ನ ಮುಖ ನೋಡಿದವು. ನನಗೇನು ಗೊತ್ತು? "ಮುಂದಿನ ಪುಸ್ತಕದಾಗ..." ಎಂದೆ.

"ನಮ್ಮೂರಾಗ ಬರಲ್ರಿ!" ಎಂದ ದೇಶನೂರಿನವನು. "ನಮ್ಮ ಹೊಳಿ ದಂಡಿಗೆ!" ಎಂದಳು ಕೆಂಚನಗುಡ್ಡದವಳು. ಹಾವೋ ಆಕಳೋ ಎಂಬ ಜಗಳ ಮರೆತು ಈಗ ಯಾವ ಊರು ಎಂಬ ಜಗಳ ಹತ್ತಿತು. ನಮ್ಮೂರಿಗೊಂದು, ನಮ್ಮ ಮನಿಗೊಂದು ಎಂದು ಮಕ್ಕಳು ಕೇಳಿ ಕೇಳಿ ಬಂಡಲು ಖಾಲಿಯಾಯಿತು.

ಬರಿಗೈಯಲ್ಲಿ ಪ್ರೆಸ್ಸಿಗೆ ಬಂದು ನಿಂತೆ. ಸಾಹುಕಾರರು ನನ್ನ ಕೈ ನೋಡಿದರು, ಬೆನ್ನ ಹಿಂದೆ ನೋಡಿದರು. "ಸರಿ. ಮುಂದಿನ ಪುಸ್ತಕ ಪೂರಾ ನಿಂದು. ಮಾತೂ ನಿಂದು, ಚಿತ್ರಾನೂ ನಿಂದು. ಆದ್ರ ನೋಡು, ಆವಿಗೆ ಮಾತ್ರ ಅಪ್ಪಿತಪ್ಪಿ 'ಹ' ಹಾಕಿಗೀಕೀಯ!"

ಅಕ್ಕನ ಮನೆಗೆ ಬಂದರೆ ಅವಳ ಮಕ್ಕಳು ಓಣಿಯ ಮಕ್ಕಳಿಗೆ ಪುಸ್ತಕ ತೋರಿಸುತ್ತಿದ್ದರು. "ಇದು ನಮ್ಮ ಮಾಮ ಮಾಡಿದ್ದು. ಆಕಳು ತುಪ್ಪದ ಡಬ್ಬೀದು, ಅವ್ವ ನೋವಿನ ಎಣ್ಣೀದು, ಉತ್ತ, ಕೊಕ್ಕರಿ ಅಷ್ಟ ನಮ್ಮ ಮಾಮಂದು." ಇದ್ದದ್ದನ್ನು ಇದ್ದ ಹಾಗೆ ಹೇಳುವ ಮಕ್ಕಳು. ನಾನು ಕಟ್ಟೆಯ ಮೇಲೆ ಚೀಲ ಬಿಚ್ಚಿ ಬಣ್ಣ, ಕುಂಚ, ಒಂದು ಪಂಚೆ ತುಂಬತೊಡಗಿದೆ.

ಬಾಗಿಲಲ್ಲಿ ಅಕ್ಕ ಬಂದು ನಿಂತಳು. "ಈಗ ಎಲ್ಲಿಗೆ ಸವಾರಿ?"

"ಆವು ಎಲ್ಲಿ ಒರಗ ಬೀಳತೈತೋ ನೋಡಬೇಕಕ್ಕಾ. ಕೆಂಚನಗುಡ್ಡದ ಕಡೆ ಒಮ್ಮಿ, ಆಮ್ಯಾಲೆ ದೇಶನೂರು..."

"ಆವು ಒರಗ ಬರೋದು ಆಮ್ಯಾಲಿರಲಿ. ಮೊದಲ ನೀ ಒಳಗ ಬಾ, ಉಣ್ಣು."

ತಲೆ ಎತ್ತಿದೆ. ಅಕ್ಕ ಒಂದು ಕೈ ಸೊಂಟದ ಮೇಲಿಟ್ಟು, ಸ್ವಲ್ಪ ಬಾಗಿ, ನನ್ನನ್ನೇ ದುರುಗುಟ್ಟಿ ನೋಡುತ್ತ ನಿಂತಿದ್ದಳು. ಹೊಸ ಪುಸ್ತಕಕ್ಕೆ ನನ್ನದೇ ಒಬ್ಬ ಅವ್ವ ಬೇಕಿತ್ತು. ಚೀಲದೊಳಗೆ ಹೋಗಿದ್ದ ಪೆನ್ಸಿಲ್ಲನ್ನು ಮತ್ತೆ ಹೊರಗೆ ಎಳೆದೆ.

"ಅಕ್ಕಾ, ಅಲ್ಲೇ ನಿಲ್ಲು. ಒಂಚೂರೂ ಅಲುಗಾಡಬ್ಯಾಡ."

"ಆಂ! ನಾ ನಿಂತಲ್ಲಿಂದ ಅಲುಗಾಡಬಾರದು. ನೀ ಮಾತ್ರ ಊರೂರು ತಿರಗಬೇಕು, ಅಲ್ಲೇನೋ?"

ಹಾಗೆಂದಳೇ ಹೊರತು, ನಾನು ಬರೆದು ಮುಗಿಸಿ ಚೀಲದ ಬಾಯಿ ಕಟ್ಟುವತನಕ ಅಲುಗಾಡಲಿಲ್ಲ.