ಕಾಲು ಮುಂದಾದವಳ ಭಾನುವಾರ

ಈ ಭಾನುವಾರ ಭೂಮಿ ಬಾಯಿಬಿಟ್ಟರೂ ತಾನು ಚಾಪೆ ಬಿಟ್ಟು ಏಳುವವಳಲ್ಲ ಎಂದು ಹೇಮಲತಾ ಶನಿವಾರ ಸಂಜೆಯೇ ಮನೆಯಲ್ಲಿ ಘೋಷಣೆ ಹೊರಡಿಸಿದಳು. ನಂಜನಗೂಡಿನ ಕಚೇರಿಯಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಕುಟ್ಟಿ ಅವಳ ಬಲಭುಜ ಕಲ್ಲಾಗಿತ್ತು. ತಲೆ ಬಾಚಲು ಕೈಯೆತ್ತಿದರೆ ಕಣ್ಣಲ್ಲಿ ನೀರು. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮಕ್ಕೆ ಪುರುಸೊತ್ತಿಲ್ಲ, ಮುಲಾಮಿಗೆ ನೋವು ಜಗ್ಗಲಿಲ್ಲ. ಇನ್ನುಳಿದದ್ದು ಒಂದೇ ದಾರಿ. ಟಿ. ನರಸೀಪುರದ ತವರಿನಿಂದ ಅವ್ವ ಗೋವಿಂದಮ್ಮ ಬರಬೇಕು, ಹರಳೆಣ್ಣೆ ಬಿಸಿಮಾಡಿ ನೀವಬೇಕು. ಸುತ್ತಲಿನ ಬಾಣಂತಿಯರನ್ನೆಲ್ಲ ನೀವಿ ಎಬ್ಬಿಸಿ ನಿಲ್ಲಿಸಿದ ಕೈ ಅದು.

"ನಾಳೆ ಅಡುಗೆ ನಿಮ್ದು, ಪಾತ್ರೆ ನಿಮ್ದು. ನನ್ನ ಯಾರೂ ಕರೀಬಾರ್ದು" ಎಂದಳು ಗಂಡನಿಗೆ.

"ನೀನ್ ಸುಮ್ನೆ ಮಲಗು. ಎಲ್ಲ ನಾನ್ ನೋಡ್ಕೊತೀನಿ" ಎಂದು ನಂಜುಂಡೇಶ್ ಎದೆ ತಟ್ಟಿಕೊಂಡ. ಈ ಮಾತಿಗೇ ಅವಳು ಹೆದರಬೇಕಿತ್ತು.

ಬೆಳಿಗ್ಗೆ ಗೋವಿಂದಮ್ಮ ಬಸ್ಸಿಳಿದು ಆಟೋದಲ್ಲಿ ಬಂದರು. ಜೊತೆಗೊಂದು ಮೂಟೆ ತೆಂಗಿನಕಾಯಿ. "ಅತ್ತೆ, ನೀವ್ ಮುಟ್ಬೇಡಿ" ಎಂದು ಅಳಿಯ ಮೂಟೆಯನ್ನು ಹೆಗಲಿಗೇರಿಸಲು ಬಗ್ಗಿದ. ಮೂಟೆ ಮೇಲೇಳಲಿಲ್ಲ, ಅವನೂ ಮೇಲೇಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು! ಬಗ್ಗಿದ ಆಕಾರದಲ್ಲೇ ಅವನನ್ನು ಗೋವಿಂದಮ್ಮ, ಅವನ ತಾಯಿ ರಾಮಮ್ಮ ಸೇರಿ ಒಳಗೆ ಸಾಗಿಸಿ, ಹೇಮಲತಾಳಿಗೆಂದು ಹಾಸಿದ್ದ ಚಾಪೆಯ ಮೇಲೆ ಬೋರಲು ಮಲಗಿಸಿದರು. ಅವಳಿಗೆಂದು ಬಿಸಿಯಾದ ಎಣ್ಣೆ ಅವನ ಬೆನ್ನಿಗೆ ಬಿತ್ತು. ಹೇಮಲತಾ ಗೋಡೆಗೊರಗಿ ಕೂತಳು.

ಗೋವಿಂದಮ್ಮ ನೀವಿ ನೋಡಿ ತಲೆಯಾಡಿಸಿದರು. "ಇದು ಎಣ್ಣೆಗೆ ಬಗ್ಗೋ ಉಳುಕಲ್ಲ ಕಣವ್ವ. ನಿನ್ ಕಾಲೇ ಬೇಕು."

ಹೇಮಲತಾ ಕಣ್ಸನ್ನೆ ಮಾಡಿದಳು. "ಅವ್ವಾ, ಸುಮ್ನಿರು."

"ಯಾಕ್ ಸುಮ್ನಿರ್ಲಿ? ಬೀಗ್ರೇ, ನನ್ ಮಗ್ಳು ಕಾಲು ಮುಂದಾಗಿ ಉಟ್ಟಿದ್ದು. ಅವ್ಳು ಒದ್ರೆ ಎಂಥಾ ಉಳುಕೂ ನಿಲ್ಲಕಿಲ್ಲ."

ತಾಯ ಹೊಟ್ಟೆಯಿಂದ ತಲೆಗೆ ಬದಲು ಕಾಲು ಮೊದಲು ಬಂದವರ ಒದೆ ತಿಂದರೆ ಉಳುಕು ಬಿಡುತ್ತದೆಂದು ಸೀಮೆಗೆಲ್ಲ ನಂಬಿಕೆ. ಕೇಳಿ ಬಂದವರಿಗೆ ಅಂಥವರು ಇಲ್ಲ ಅನ್ನುವಂತೆಯೂ ಇಲ್ಲ. ಚಿಕ್ಕಂದಿನಲ್ಲಿ ಹೇಮಲತಾ ಉಣ್ಣುತ್ತಿದ್ದರೂ ಎದ್ದು, ಒದ್ದು, ಬಂದು ಉಣ್ಣಬೇಕಿತ್ತು. ಆ ಕಾಟಕ್ಕೆ ಹೆದರಿಯೇ ಗಂಡನ ಮನೆಯಲ್ಲಿ ಅವಳು ಇಷ್ಟು ವರ್ಷ ತುಟಿ ಬಿಚ್ಚಿರಲಿಲ್ಲ.

ಅತ್ತೆ ರಾಮಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು. "ಶಿವಶಿವ, ಎಂಡ್ತಿ ಕೈಲಿ ಗಂಡನ್ನ ಒದ್ಸದಾ? ಕಂಡೋರು ಏನಂದಾರು?" ಮಗ ನರಳಿದ. ರಾಮಮ್ಮ ಕೊಂಚ ಯೋಚಿಸಿದರು. "ಬಾಗ್ಲು ಮುಚ್ಚವ್ವ. ಒದಿ."

ಮೆಲ್ಲಗೆ ತಾಕಿಸಬೇಕೆಂದೇ ಹೇಮಲತಾ ಕಾಲೆತ್ತಿದಳು. ಅಷ್ಟರಲ್ಲಿ ತನ್ನ ಚಾಪೆ, ತನ್ನ ಎಣ್ಣೆ, ಒಲೆ ಹತ್ತದ ಅಡುಗೆಮನೆ ಎಲ್ಲ ಕಣ್ಣಿಗೆ ಬಿದ್ದವು. ಒದೆ ಸ್ವಲ್ಪ ಜೋರಾಗಿಯೇ ಬಿತ್ತು. ನಂಜುಂಡೇಶ್ ಎಗರಿ ನಿಂತ, ಅದೂ ನೆಟ್ಟಗೆ! ಉಳುಕು ಬಿಟ್ಟಿತೋ, ಇನ್ನೊಂದು ಬಿದ್ದೀತೆಂಬ ಭಯವೋ, ನಂಜುಂಡೇಶ್ವರನೇ ಬಲ್ಲ.

ತಿರುಗಿ ನೋಡಿದರೆ ರಾಮಮ್ಮ ಆಗಲೇ ಚಾಪೆಯ ಮೇಲೆ ಮಲಗಿದ್ದರು. "ನಂಗೂ ಒಂದ್ ಆಕವ್ವ. ಸೊಂಟ ಬಿದ್ದೋಗದೆ."

ಹೊಸ ಸೊಂಟ ಸಿಕ್ಕ ಗಂಡ ಮನೆಯಲ್ಲಿ ನಿಲ್ಲುತ್ತಾನೆಯೇ? ಬೀದಿಯುದ್ದಕ್ಕೂ ನೆಟ್ಟಗೆ ನಡೆದು ತೋರಿಸಿ ಬಂದ. ಮಧ್ಯಾಹ್ನದೊಳಗೆ ಜಗಲಿ ತುಂಬ ಚಪ್ಪಲಿ. ಒಬ್ಬೊಬ್ಬರ ಬೆನ್ನಿಗೂ ಗೋವಿಂದಮ್ಮ ಎಣ್ಣೆ ಸವರುವರು, ಮಗಳು ಒದೆಯುವಳು. ಅವಳಿಗೆ ಸಾಕುಸಾಕಾಯಿತು.

"ಅವ್ವಾ, ನನ್ ಭುಜ?"

"ತಡಿಯವ್ವ, ಬಂದೋರ್ನ ಕಳ್ಸಿ ನೋಡನ." ಅಷ್ಟು ಹೇಳುವಷ್ಟರಲ್ಲಿ ಎಣ್ಣೆಯ ಬಟ್ಟಲು ಖಾಲಿಯಾಗಿತ್ತು.

ಆಗ ಬಂದರು ಅಕ್ಕಿಗಿರಣಿಯ ಮರಿಸ್ವಾಮಿ. ಬೆನ್ನೆಂದರೆ ಊರಬಾಗಿಲು. "ತಾಯಿ, ವಸಿ ಜೋರಾಗೇ ಬುಡಿ" ಎಂದು ಮಲಗಿದರು. ಹೇಮಲತಾ ಉಳಿದ ಶಕ್ತಿಯನ್ನೆಲ್ಲ ಕಾಲಿಗೆ ತಂದು ಬಿಟ್ಟಳು. ಮರಿಸ್ವಾಮಿ ಅಲುಗಲಿಲ್ಲ. ಅವಳ ಬಲಗಾಲು ಮಾತ್ರ ಗಿಣ್ಣಿನ ಹತ್ತಿರ ಲಟಕ್ಕೆಂದಿತು.

ಕುಸಿದು ಕೂತ ಹೇಮಲತಾಳಿಗೆ ಪ್ರಾಣ ಹೋಗುವಂಥ ನೋವು. ಆ ನೋವಿನ ಒಳಗೇ ಒಂದು ತಣ್ಣನೆಯ ಸಂತೋಷವೂ ಹುಟ್ಟಿತು. ಮುಗಿಯಿತು, ಇನ್ನು ತನ್ನನ್ನು ಯಾರೂ ಏಳಿಸುವಂತಿಲ್ಲ.

"ನನ್ ಕಾಲೇ ಉಳುಕ್ತು. ಇನ್ನ್ ಯಾರ್ಗೂ ಆಗಲ್ಲ, ಎಲ್ಲ ಓಗಿ" ಎಂದಳು. ಜನ ಲೊಚಗುಟ್ಟುತ್ತ ಚಪ್ಪಲಿ ಹುಡುಕತೊಡಗಿದರು.

ನಂಜುಂಡೇಶ್ ಹೆಂಡತಿಯ ಊದಿದ ಕಾಲನ್ನು ಮರುಕದಿಂದ ನೋಡಿದ. ಆಮೇಲೆ ಅತ್ತೆಯ ಕಡೆ ತಿರುಗಿದ. "ಅತ್ತೆ, ಇವ್ಳು ಹುಟ್ದಾಗ ಮುಂದೆ ಬಂದಿದ್ದು ಬಲಗಾಲೊಂದೇನಾ?"

ಗೋವಿಂದಮ್ಮನವರ ಮುಖ ಅರಳಿತು. "ಎಲ್ಲಾರ ಉಂಟಾ ಅಳೀಂದ್ರೇ? ಎಲ್ಡೂ ಒಟ್ಗೇ ಬಂದ್ವು."

ಜನ ಚಪ್ಪಲಿ ಬಿಟ್ಟು ಮತ್ತೆ ಸಾಲಾಗಿ ಕೂತರು. ನಂಜುಂಡೇಶ್ ಒಳಗಿನಿಂದ ಕುರ್ಚಿ ತಂದ, ಅದಕ್ಕೊಂದು ದಿಂಬಿಟ್ಟ, ಹೆಂಡತಿಯನ್ನು ಜೋಪಾನವಾಗಿ ಎತ್ತಿ ಕೂರಿಸಿದ.

"ಪಾಪ, ನೀನ್ ಆಯಾಸ ಮಾಡ್ಕೋಬೇಡ" ಎಂದ. "ಕೂತ್ಕೊಂಡೇ ಒದಿ."