ಮೊಳಕ್ಕೊಂದು ಅಂಗುಲದ ಗಾಡಿ

ಶಿವನು ಒಬ್ಬೊಬ್ಬ ಹೆಂಗಸಿಗೆ ಒಂದೊಂದು ತೆರನಾದ ಗಂಡನನ್ನು ಕೊಡುತ್ತಾನೆ. ಕೊಡುವಾಗ ಅವನ ಹುಚ್ಚನ್ನೂ ಜೊತೆಗೇ ಗಂಟು ಕಟ್ಟಿ ಕೊಡುತ್ತಾನೆ. ನಮ್ಮ ಓಣಿಯಲ್ಲಿ ಒಬ್ಬರ ಮನೆಯವರಿಗೆ ಇಸ್ಪೀಟಿನ ಹುಚ್ಚು, ಇನ್ನೊಬ್ಬರಿಗೆ ಕೋರ್ಟಿನ ಹುಚ್ಚು, ಮೂಲೆಯ ಮನೆಯವರಿಗೆ ಬಯಲಾಟದ ಹುಚ್ಚು. ನಮ್ಮವರಿಗೆ ಇವು ಯಾವುವೂ ಇಲ್ಲ. ಬೆಳಗಿನ ಪೂಜೆಯ ಹೊತ್ತಿಗೆ ನಾನು ಇದನ್ನು ನೆನೆದು ಕೈ ಮುಗಿಯುತ್ತೇನೆ. ಮುಗಿದ ಕೈಯನ್ನು ಕೆಳಗಿಳಿಸುವಾಗ ಮಾತ್ರ ಹುಷಾರಾಗಿರಬೇಕು. ದೇವರ ಜಗಲಿಯ ಅಂಚಿಗೆ ಒಂದು ಎಣ್ಣೆಗಾಣವಿದೆ, ಅದರ ಪಕ್ಕಕ್ಕೆ ಒಂದು ಟಾಂಗಾ ನಿಂತಿದೆ. ಬಳೆ ತಾಗಿದರೆ ಎರಡೂ ಉರುಳುತ್ತವೆ.

ಗಾಣವೆಂದರೆ ಅಂಗೈಯಲ್ಲಿ ಕೂಡುವ ಗಾಣ, ಟಾಂಗಾ ಎಂದರೆ ಗೇಣುದ್ದದ ಟಾಂಗಾ. ಇಂಥವನ್ನು ಕೂಡಿಡುವುದೇ ನಮ್ಮವರ ಹುಚ್ಚು. ಅಕ್ಕಿಆಲೂರಿನಲ್ಲಿ ಅವರದು ಅಕ್ಕಿಯ ಅಂಗಡಿ. ಒಮ್ಮೆ ನಮ್ಮ ಗಾಡಿಯ ಗಾಲಿ ರಿಪೇರಿಗೆಂದು ಹಿರೇಕೆರೂರಿನ ಬಡಿಗೇರ ಮೌನೇಶಪ್ಪನ ಹತ್ತಿರ ಹೋದವರು, ಬರುವಾಗ ಧೋತರದ ಸೆರಗಿನಲ್ಲಿ ಒಂದು ಪುಟ್ಟ ಗಾಡಿಯನ್ನು ಸುತ್ತಿಕೊಂಡು ಬಂದರು. ಅಚ್ಚು, ಅರೆಕಾಲು, ನೊಗ, ಕೀಲು, ಒಂದೂ ಬಿಟ್ಟಿರಲಿಲ್ಲ. ಮಗಳಿಗೆ ಆಟಕ್ಕೆ ತಂದಿದ್ದಾರೆಂದು ನಾನು ಸಂತೋಷಪಟ್ಟೆ. ಅವಳು ಕೈ ಚಾಚಿದ್ದೇ ತಡ, "ಮುಟ್ಟಬ್ಯಾಡ, ಕೀಲು ಸಡಲ್ತಾವ" ಎಂದು ಅದನ್ನು ಮೇಲೆ ಹಲಗೆಯ ಮೇಲಿಟ್ಟರು. ಆ ಹಲಗೆಯ ಮೇಲಿದ್ದ ನನ್ನ ಶ್ಯಾವಿಗೆಯ ಡಬ್ಬಿ ಅಂದು ಕೆಳಗಿಳಿದದ್ದು ಮತ್ತೆ ಮೇಲೇರಲಿಲ್ಲ.

ಬರೀ ಸಣ್ಣದಾದರೆ ಸಾಲದು, ಅಳತೆ ಸರಿಯಿರಬೇಕು ಎನ್ನುವುದು ಅವರ ಶಾಸ್ತ್ರ. ನಿಜವಾದ ವಸ್ತು ಒಂದು ಮೊಳವಿದ್ದರೆ ಇದು ಒಂದು ಅಂಗುಲವಿರಬೇಕು. ಮೌನೇಶಪ್ಪ ಹಾಗೆ ಹೇಳಿ ಕಳಿಸಿದ್ದನೋ, ಇವರೇ ಕಂಡುಹಿಡಿದರೋ ತಿಳಿಯದು. ಅಂದಿನಿಂದ ಅವರು ಎಲ್ಲಿ ಹೋದರೂ ಮೊಣಕೈ ಮುಂದೆ ಮಾಡಿಕೊಂಡೇ ಹೋಗತೊಡಗಿದರು. ಬೀಜ ಬಿತ್ತುವ ಕೂರಿಗೆ ಅಳೆದರು, ಸವಣೂರಿಗೆ ಹೋಗಿ ಟಾಂಗಾ ಅಳೆದರು. ಯುದ್ಧದ ಕಾಲದಲ್ಲಿ ಇದ್ದಿಲಿನ ಬಸ್ಸು ಬಂದಿತಲ್ಲ, ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡು ಕೆಮ್ಮುತ್ತ ಬರುತ್ತಿತ್ತು, ಅದನ್ನೂ ಬಿಡಲಿಲ್ಲ. ಹಾನಗಲ್ಲಿನ ಸ್ಟ್ಯಾಂಡಿನಲ್ಲಿ ಇವರು ಬಸ್ಸನ್ನು ಮೊಳ ಹಾಕುತ್ತ ಹೋಗುವುದನ್ನು ನೋಡಿ ಕಂಡಕ್ಟರನು ಕೇಳಿದನಂತೆ: "ಏನ್ರಿ ಸಾವುಕಾರ್ರ, ಬಸ್ ಖರೀದಿ ಮಾಡಾವರೇನ್ರಿ?"

"ಇಲ್ಲಪಾ, ಹಂಗ ಸುಮ್ನ ನೋಡಾಕತ್ತೇನಿ. ಹಿಂದಿನ ಡ್ರಮ್ ಎಷ್ಟು ಮೊಳ ಐತಿ?"

"ನೀವ ಅಳೀರಿ. ಕಾದೈತಿ, ಸುಟ್ಟ ಮ್ಯಾಲ ನಮಗ ಅನಬ್ಯಾಡ್ರಿ."

ಅಳೆದರು. ಸುಟ್ಟಿತು. ಮೊಣಕೈಗೆ ಬೆಣ್ಣೆ ಹಚ್ಚಿಕೊಂಡು ಕೂತಿರುವಷ್ಟು ದಿನ ಮನೆಯಲ್ಲಿ ಅಳತೆ ನಿಂತಿತ್ತು. ಅದನ್ನೂ ನಾನು ಶಿವನ ಕೃಪೆಯ ಲೆಕ್ಕಕ್ಕೇ ಹಿಡಿದಿದ್ದೇನೆ. ಕೈ ವಾಸಿಯಾದ ಮೇಲೆ ಬಸ್ಸಿಗೆ ತಗಡು ಬೇಕಾಯಿತು. ಸೀಮೆಎಣ್ಣೆ ಸಿಗದ ದಿನಗಳು. ಡಬ್ಬಿಯಲ್ಲಿದ್ದಷ್ಟನ್ನು ನೀರಿನ ತತ್ರಾಣಿಗೆ ಸುರಿದು ಡಬ್ಬಿಯನ್ನು ಕತ್ತರಿಸಿಬಿಟ್ಟರು. ಆ ತತ್ರಾಣಿಯ ನೀರನ್ನು ಕುಡಿಯುವ ಧೈರ್ಯ ಇಂದಿಗೂ ನಮ್ಮಲ್ಲಿ ಯಾರಿಗೂ ಇಲ್ಲ. "ಇವರಪ್ಪಗ ಹೊಲದ ಹುಚ್ಚಿತ್ತು. ಇವಂಗ ಹೊಲ ಬ್ಯಾಡ, ಹೊಲದ ಮರಿ ಬೇಕು" ಎಂದರು ನಮ್ಮ ಅತ್ತೆ. "ಎಂದ ಮುಗೀತೈತ್ರಿ ಇದು?" ಎಂದು ನಾನು ಕೇಳಿದಾಗೆಲ್ಲ ನಮ್ಮವರದು ಒಂದೇ ಉತ್ತರ: "ಇನ್ನ ಒಂದೀಟು ಐತಿ."

ಆ ಒಂದಿಷ್ಟು ಯಾವುದೆಂದು ನನಗೆ ಗೊತ್ತಿತ್ತು. ಎಲ್ಲಕ್ಕಿಂತ ಮೊದಲು ಬಂದ ಆ ಗಾಡಿಗೆ ಎತ್ತುಗಳಿರಲಿಲ್ಲ. ನೊಗ ಊರಿಕೊಂಡು ಹಲಗೆಯ ಮೇಲೆ ಬಿದ್ದಿರುತ್ತಿತ್ತು. ಮೌನೇಶಪ್ಪ ಗಾಲಿ ಮಾಡುವವನು, ಎತ್ತು ಅವನ ಕೈಗೆ ಬಗ್ಗಲಿಲ್ಲ. ಸವಣೂರಿನಿಂದ ಒಂದು ಜೋಡಿ ಬಂದಿತು. ಟಾಂಗಾದ ಕುದುರೆ ಮಾಡಿ ರೂಢಿಯಾದ ಕೈ, ಎತ್ತುಗಳಿಗೂ ಕುದುರೆಯ ಮುಖವೇ ಬಂದಿತ್ತು. ಹಾನಗಲ್ಲಿನ ಜೋಡಿಯನ್ನು ನೋಡಿ, "ಇವು ಎತ್ತಲ್ಲ, ಎಮ್ಮಿ" ಎಂದು ಹಿಂದಕ್ಕೆ ಕಳಿಸಿದರು. ಸಂಜೆ ಅಂಗಡಿಯಿಂದ ಬಂದು ಧೂಳು ಒರೆಸುವಾಗ ಅವರು ಎರಡು ಬೆರಳಿನಿಂದ ಆ ನೊಗವನ್ನೆತ್ತಿ ಗಾಡಿಯನ್ನು ಒಂದು ಗೇಣು ದೂರ ಎಳೆಯುತ್ತಿದ್ದರು. ಬೆರಳುಗಳೇ ಎತ್ತುಗಳ ಹಾಗೆ ಹೆಜ್ಜೆ ಹಾಕುತ್ತಿದ್ದವು. ಬಾಗಿಲ ಮರೆಯಿಂದ ಅದನ್ನು ಕಂಡ ಮೇಲೆ ನನಗೆ ಬಯ್ಯುವುದಕ್ಕೆ ಅಷ್ಟು ಬಾಯಿ ಬರಲಿಲ್ಲ.

ಹೀಗಿರುವಾಗ ಮಣ್ಣೆತ್ತಿನ ಅಮಾವಾಸ್ಯೆ ಬಂದಿತು. ನಮ್ಮಲ್ಲಿ ಆ ದಿನ ಮಣ್ಣಿನ ಎತ್ತು ಮಾಡಿ ಜಗಲಿಯ ಮೇಲಿಟ್ಟು ಪೂಜಿಸಿ ಹೋಳಿಗೆ ಎಡೆ ತೋರಿಸುತ್ತೇವೆ; ಮರುದಿನ ಸಂಜೆ ಕೆರೆಗೆ ಬಿಡುತ್ತೇವೆ. ಎತ್ತು ಮಾಡುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ನನ್ನವ್ವ ಕಲಿಸಿದ ಹಾಗೆ ಹೆಗಲ ಮೇಲೆ ದೊಡ್ಡ ಹಿಣಿಲು, ಗಿಡ್ಡ ಕಾಲು ಇಟ್ಟು ದಪ್ಪದಪ್ಪಗೆ ಮಾಡುತ್ತೇನೆ. ನಮ್ಮವರು ಪ್ರತಿ ವರ್ಷ ನೋಡಿ, "ಕಾಲು ಅಳತ್ಯಾಗಿಲ್ಲ" ಎನ್ನುತ್ತಿದ್ದರು. ಬಸವಣ್ಣನಿಗೆ ಎಂಥ ಅಳತೆ ಎಂದುಕೊಂಡು ನಾನು ವಿಭೂತಿ ಹಚ್ಚುತ್ತಿದ್ದೆ. ಆ ವರ್ಷ ಬುಟ್ಟಿಯಲ್ಲಿ ನೋಡಿದರೆ ಮಣ್ಣು ಅರ್ಧಕ್ಕರ್ಧ ಖಾಲಿ. ಪುಟ್ಟ ಕೂರಿಗೆಯ ಕೆಳಗೆ ಹೊಲ ಬೇಕೆಂದು ನಮ್ಮವರು ಒಯ್ದು ಹಲಗೆಗೆ ಮೆತ್ತಿದ್ದರು. ಕೇಳೋಣವೆಂದರೆ ಮನೆಯಲ್ಲಿಲ್ಲ, ಶಿಗ್ಗಾವಿಯಲ್ಲಿ ಎತ್ತು ಕೆತ್ತುವವನೊಬ್ಬನಿದ್ದಾನೆಂದು ಸುದ್ದಿ ಕೇಳಿ ಬೆಳಿಗ್ಗೆಯೇ ಹೋಗಿದ್ದರು. ಉಳಿದ ಮಣ್ಣಿನಲ್ಲೇ ಸಣ್ಣದೊಂದು ಜೋಡಿ ಮಾಡಿ, ಜೋಳದ ಕಾಳಿನ ಕಣ್ಣಿಟ್ಟು, ವಿಭೂತಿ ಹಚ್ಚಿ ಪೂಜೆ ಮುಗಿಸಿದೆ.

ಮಧ್ಯಾಹ್ನ ಅವರು ಬರಿಗೈಯಲ್ಲಿ ಬಂದರು. ಶಿಗ್ಗಾವಿಯವನು ಕೆತ್ತುವುದು ತೊಟ್ಟಿಲಿನ ಗಿಳಿಗಳನ್ನಂತೆ. ಕಾಲು ತೊಳೆದು ಜಗಲಿಗೆ ನಮಸ್ಕರಿಸಲು ಬಗ್ಗಿದವರು ಬಗ್ಗಿದಂತೆಯೇ ಉಳಿದರು. ಆಮೇಲೆ ಅಂಗುಲದ ಗೆರೆ ಹಾಕಿದ ತಮ್ಮ ಕಡ್ಡಿ ತಂದು ಅಳೆದರು. ಕೊಟ್ಟಿಗೆಗೆ ಹೋಗಿ ನಿಜವಾದ ಎತ್ತನ್ನು ಅಳೆದು ಬಂದರು. ಮತ್ತೆ ಕಡ್ಡಿ ಹಿಡಿದರು.

"ಮೊಳಕ್ಕ ಅಂಗುಲ ಐತಿ" ಎಂದರು ಮೆಲ್ಲಗೆ. "ಕೂದಲೆಳೀನೂ ಆಕಡೆ ಈಕಡೆ ಇಲ್ಲ. ಇವನ್ನ ನನಗ ಕೊಟ್ಟಬಿಡು."

"ಪೂಜಿ ಆಗೇತ್ರಿ. ನಾಳಿ ಕೆರಿಗೆ ಬಿಡಬೇಕು."

"ಬ್ಯಾರೇವು ಮಾಡಿ ಬಿಡು."

"ದೇವರಿಗೆ ಬದಲಿ ಕೊಡಾಕ ಬರ್ತೈತೇನ್ರಿ?"

ಅವರು ಹೋಳಿಗೆಯ ತಟ್ಟೆಯ ಮುಂದೆ ಕೂತು ಒಂದೇ ಹೋಳಿಗೆಗೆ ಎದ್ದರು. ಅತ್ತೆಯವರು ಮಗನ ಪಕ್ಷ ಹಿಡಿದರು: "ಕೊಟಗ್ಯಾಗಿನ ಎತ್ತಿಗೆ ಪೂಜಿ ಮಾಡಿ ಮರುದಿನ ನೊಗಾ ಹೊರಸೂದಿಲ್ಲೇನ ನಾವು? ಇವೇನು ಹೆಚ್ಚಿನವು?" ಒಳ್ಳೆಯ ಪ್ರಶ್ನೆ. ಮರುದಿನವೆಲ್ಲ ರೊಟ್ಟಿ ಬಡಿಯುತ್ತ ಅದನ್ನೇ ಯೋಚಿಸಿದೆ. ವರ್ಷಗಟ್ಟಲೆ ಊರೂರು ತಿರುಗಿ ಬೇಡಿದ್ದು ತನ್ನ ಮನೆಯ ಜಗಲಿಯ ಮೇಲೇ ಬಂದು ನಿಂತಾಗ ಒಬ್ಬ ಮನುಷ್ಯನಿಗೆ ಅದನ್ನು ಇಲ್ಲವೆನ್ನುವುದು ಸಣ್ಣ ಮಾತಲ್ಲ. ಆದರೆ ವಿಭೂತಿ ಹಚ್ಚಿದ ಕೈಯಿಂದಲೇ ಬಸವಣ್ಣನನ್ನು ಟಾಂಗಾದ ಪಕ್ಕಕ್ಕೆ ನಿಲ್ಲಿಸಿಬಿಟ್ಟರೆ, ನಾಳೆ ನಾನು ಕೈ ಮುಗಿಯುವುದು ಯಾವುದಕ್ಕೆ? ಸಂಜೆ ಜೋಡಿಯನ್ನಿಟ್ಟ ಹರಿವಾಣ ಎತ್ತಿಕೊಂಡಾಗ ಅತ್ತೆಯವರಿಗೆ ಹೇಳಿದೆ: "ಕೊಟಗ್ಯಾನ ಎತ್ತು ತಮ್ಮ ದಿನ ಮುಗದಾಗ ತಾವ ಮಣ್ಣಿಗೆ ಹೋಗ್ತಾವ್ರಿ ಅತ್ತಿ. ಇವನ್ನ ನಾವ ಕಳಸಬೇಕು." ಅವರು ಎದ್ದು ಹರಿವಾಣಕ್ಕೆ ಎರಡು ಹೂ ಹಾಕಿದರು.

ಕೆರೆಯ ಏರಿಯ ಮೇಲೆ ನೋಡಿದರೆ ನಮ್ಮವರು ಹಿಂದೆಯೇ ಬರುತ್ತಿದ್ದಾರೆ, ಬಗಲಲ್ಲಿ ಟವೆಲ್ಲು ಮುಚ್ಚಿದ ಗಾಡಿ. "ಒಂದು ಸಲ ಹೂಡಿ ನೋಡ್ತೇನಿ. ಆಮ್ಯಾಲ ನಾನ ಬಿಡ್ತೇನಿ" ಎಂದರು. ನಾನು ಹರಿವಾಣವನ್ನು ಕೆಳಗಿಟ್ಟೆ. ನೊಗ ಎತ್ತಿ ಕೊರಳ ಮೇಲಿಟ್ಟರು. ಅದು ಅಲ್ಲಿಗೆಂದೇ ಹುಟ್ಟಿದ್ದರ ಹಾಗೆ ಕೂತಿತು. ಇಬ್ಬರೂ ನಾಲ್ಕು ಹೆಜ್ಜೆ ಹಿಂದೆ ಸರಿದು ಕೂತು ನೋಡಿದೆವು. ಆಗ ನನಗೆ ಏನಾಯಿತೆಂದು ಹೇಳಲಿ? ಅದು ಗೇಣುದ್ದದ ಗಾಡಿಯೆಂಬುದೇ ಮರೆತುಹೋಯಿತು. ಹಾನಗಲ್ಲ ರಸ್ತೆಯಲ್ಲಿ ದೂರದಿಂದ ಯಾರೋ ನಂಟರು ಊರಿಗೆ ಬರುತ್ತಿದ್ದ ಹಾಗೆ, ಇನ್ನೇನು ಗೆಜ್ಜೆಯ ಸಪ್ಪಳ ಕೇಳಿಸಬೇಕು ಎನ್ನುವ ಹಾಗೆ ಕಂಡಿತು. ಇಷ್ಟು ವರ್ಷ ಅವರು ಹಲಗೆಯ ಮುಂದೆ ನಿಂತು ನೋಡುತ್ತಿದ್ದುದು ಇದನ್ನೇ ಎಂದು ಅಂದು ತಿಳಿಯಿತು. ಸ್ವಲ್ಪ ಹೊತ್ತಿಗೆ ಅವರೇ ಎದ್ದು ನೊಗ ಕಳಚಿ, ಒಂದೊಂದನ್ನೂ ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟರು. ಮನೆಯ ಮೆಟ್ಟಿಲ ಹತ್ತಿರ ಬಂದಾಗ, "ಎಡಗಡೀದರ ಕಿವಿ ಒಂಚೂರು ದಪ್ಪ ಇತ್ತು ಬಿಡು" ಎಂದರು.

ಆ ಮಾತು ಅವರ ಸಮಾಧಾನಕ್ಕೆ ಅವರು ಆಡಿಕೊಂಡದ್ದು. ಚುಚ್ಚಿದ್ದು ನನಗೆ. ಅವರಿಗೊಂದು ಜೋಡಿ ಮಾಡಿಕೊಟ್ಟರಾಯಿತು, ಪೂಜೆಗಲ್ಲ, ಬರೀ ಗಾಡಿಗೆ ಎಂದು ಮರುವಾರ ಮಣ್ಣು ಕಲಸಿದೆ. ಹಿಣಿಲು ಸರಿಯಾದರೆ ಕಾಲು ಉದ್ದವಾಯಿತು, ಕಾಲು ಸರಿಯಾದರೆ ಕುತ್ತಿಗೆ ಸೊಟ್ಟಗಾಯಿತು. ಕಡುಬಿನ ಹಿಟ್ಟು ನಾದುವಾಗಲೂ ಬೆರಳು ಕೋಡು ತಿದ್ದುತ್ತವೆ. ಕೆಟ್ಟವನ್ನು ಎಸೆಯಲು ಮನಸ್ಸಾಗದೆ ಅಡಿಗೆಮನೆಯ ಗೋಡೆಯ ಮಾಡದಲ್ಲಿಟ್ಟೆ; ಆಮೇಲೆ ಕಿಟಕಿಯಲ್ಲಿ, ಆಮೇಲೆ ಬೇಳೆಯ ಡಬ್ಬಿಗಳ ಹಿಂದೆ. ನಾನು ಕೂಡಿಡುತ್ತಿಲ್ಲ, ಎಸೆದಿಲ್ಲ ಅಷ್ಟೆ. ಮೊನ್ನೆ ಊಟಕ್ಕೆ ಕೂತ ನಮ್ಮವರು ಸುತ್ತ ನೋಡಿ, "ಮನ್ಯಾಗ ಉಪ್ಪಿನ ಗಡಗಿ ಇಡಾಕ ಜಾಗಾ ಉಳಿದಿಲ್ಲಲ್ಲ" ಎಂದರು. ಯಾರು ಯಾರಿಗೆ ಹೇಳುವ ಮಾತು ನೋಡಿ.

ಈಗ ಮತ್ತೆ ಅಮಾವಾಸ್ಯೆ ಹತ್ತಿರ ಬಂದಿದೆ. ಶಿವನ ದಯೆಯಿಂದ ನಿನ್ನೆ ಮಾಡಿದ ಜೋಡಿ ಅಳತೆಗೆ ಬಂದಿದೆ. ಅವರ ಕಡ್ಡಿಯನ್ನೇ ಕದ್ದು ತಂದು ಅಳೆದಿದ್ದೇನೆ. ಕೊಟ್ಟುಬಿಟ್ಟರೆ ಅವರ ಗಾಡಿ ಪೂರ್ತಿಯಾಗುತ್ತದೆ. ಕೊಡಲೆಂದೇ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದೆ, ಕೊಡಲು ಕೈ ಬಾರದೆ ಉಪ್ಪಿನಕಾಯಿಯ ಭರಣಿಯ ಹಿಂದೆ ಇಟ್ಟೆ. "ಏನ ಮಾಡಾಕತ್ತಿ ಒಳಗ? ಆತಿಲ್ಲೋ?" ಎಂದು ಪಡಸಾಲೆಯಿಂದ ಅವರು ಕೂಗಿದರು.

"ಇನ್ನ ಒಂದೀಟು ಐತ್ರಿ" ಎಂದೆ.